ಹಗ್ಗ ಕಟ್ಟಿಸಿಕೊಳ್ಳದ ಕಾರು

"ಇವತ್ತು ನಿಮ್ಮ ಕಾರು ಹಗ್ಗ ಕಟ್ಟಿಸ್ಕೊಂಡು ಮನೆಗೆ ಬಂತೋ, ನಾಳೆಯೇ ಗುಜರಿಗೆ ಹಾಕಿಸ್ತೀನಿ," ಅಂತ ಹೆಂಡತಿ ಬೆಳಿಗ್ಗೆಯೇ ಹೇಳಿಬಿಟ್ಟಳು.

ಗಂಡನಿಗೆ ಊರಲ್ಲಿ ಕನ್ನಡಕದ ಅಂಗಡಿ. ತಾತನ ಕಾಲದ ಆ ಕಾರೆಂದರೆ ಅವನಿಗೆ ಪ್ರಾಣ. ಆದರೆ ಹಳೇ ಕಾರು ಕ್ಲಬ್ಬಿನವರ ಜೊತೆ ಹೊರಟಾಗಲೆಲ್ಲ ಅದು ಯಾವುದೋ ಲಾರಿಯ ಬಾಲ ಹಿಡಿದುಕೊಂಡೇ ಮನೆ ಸೇರುತ್ತಿತ್ತು. ಒಳಗೆ ಕೂತ ಹೆಂಡತಿ ತಲೆ ತಗ್ಗಿಸಿಕೊಂಡು ಬರಬೇಕು.

"ತಾನಾಗೇ ಬಂದ್ರೆ?" ಅಂತ ಅಳುಕುತ್ತಲೇ ಕೇಳಿದ.

"ಬಂದ್ರೆ ಗುಜರಿಗೆ ಹಾಕಲ್ಲ. ನನ್ನ ಮಾತು ಅಂದ್ರೆ ಮಾತು."

ಅವತ್ತು ಕ್ಲಬ್ಬಿನವರು ಊರಾಚೆ ಒಬ್ಬರು ಕೂಡಿಟ್ಟಿದ್ದ ಹಳೇ ಟ್ರಾಕ್ಟರುಗಳನ್ನು ನೋಡಲು ಹೊರಟಿದ್ದರು. ಮುಂದಿನ ಸೀಟಿನ ಸ್ಪ್ರಿಂಗ್ ಹೊರಗೆ ಬಂದಿದ್ದರಿಂದ ಅಲ್ಲಿ ನೀರಿನ ಕ್ಯಾನು ಕೂತಿತು, ಹೆಂಡತಿ ಹಿಂದೆ ಕೂತಳು. ಹಿಂದೆ ನೋಡುವ ಕನ್ನಡಿ ಬಿದ್ದುಹೋಗಿ ವರ್ಷವಾಗಿತ್ತು. ಹೊಸದು ಹಾಕಿಸಲು ಇವನು ಒಪ್ಪ. ಕಾರಿನ ಕಾಲದ್ದೇ ಕನ್ನಡಿ ಬೇಕಂತೆ!

ಹೋಗುವಾಗ ಕಾರು ಒಂದು ಸಲವೂ ಕೆಮ್ಮಲಿಲ್ಲ. ಟ್ರಾಕ್ಟರುಗಳ ಶೆಡ್ಡಿನ ಮುಂದೆ ಇವನು ಎಂಜಿನ್ ಆರಿಸದೆ ಹಾಗೇ ನಿಲ್ಲಿಸಿದ. ಕ್ಲಬ್ಬಿನ ಅಧ್ಯಕ್ಷರು ಮೂಗು ಮುಚ್ಚಿಕೊಂಡು ಬಂದರು.

"ಏನ್ರೀ ಇದು ಹೊಗೆ! ಟ್ರಾಕ್ಟರ್ ನೋಡೋಕೆ ಬಂದಿದ್ದೀವೋ, ಸಾಯೋಕೆ ಬಂದಿದ್ದೀವೋ? ಆರಿಸ್ರೀ!"

ಆರಿಸಿದ. ಅಲ್ಲಿಗೆ ಮುಗೀತು.

ಶೆಡ್ಡಿನಲ್ಲಿ ಟ್ರಾಕ್ಟರ್ ಯಜಮಾನರು ಒಂದೊಂದಕ್ಕೂ ಹ್ಯಾಂಡಲ್ ತಿರುಗಿಸುತ್ತಿದ್ದರು. ಒಂದೇ ತಿರುವಿಗೆ ಡುಗುಡುಗು ಅನ್ನುತ್ತಿದ್ದವು. "ರೀ, ಬಂದು ನೋಡಿ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದಾರೆ!" ಅಂತ ಹೆಂಡತಿ ಕರೆದಳು. ಇವನಿಗೆ ಎಲ್ಲಿಯ ಟ್ರಾಕ್ಟರು! ಬಾನೆಟ್ಟಿನೊಳಗೆ ತಲೆ ಹಾಕಿ ಬೆವರುತ್ತಿದ್ದ.

ಹೊರಡುವ ಹೊತ್ತಾದರೂ ಕಾರು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಕ್ಲಬ್ಬಿನಲ್ಲಿದ್ದ ಬ್ಯಾಂಕಿನವರೊಬ್ಬರು ಬ್ಯಾಟರಿ ಅಂದರು. ಇನ್ನೊಬ್ಬರು ಪೆಟ್ರೋಲ್ ಅಂದರು. ಅಧ್ಯಕ್ಷರು ಎರಡನ್ನೂ ಬಿಚ್ಚಿಸಿ ನೋಡಿ, "ಟ್ರಾಕ್ಟರ್ ಇದೆಯಲ್ಲ, ಹಗ್ಗ ಕಟ್ಟಿ," ಅಂದರು.

"ಹಗ್ಗ ಮಾತ್ರ ಬೇಡ ಸಾರ್! ಕೈ ಮುಗೀತೀನಿ!" ಅಂತ ಇವನು ಕಾರಿಗೆ ಅಡ್ಡ ನಿಂತ.

ಸರಿ, ಇವನನ್ನು ಒಳಗೆ ಕೂರಿಸಿ ಇದ್ದಬದ್ದವರೆಲ್ಲ ಕೈ ಹಾಕಿ ತಳ್ಳಿದರು. ಇಳಿಜಾರಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ, ಢಮಾರ್ ಅಂದು ಸ್ಟಾರ್ಟ್ ಆಯಿತು.

"ನಿಲ್ಲಿಸಬೇಡಿ! ನಿಲ್ಲಿಸಿದ್ರೆ ಕೆಟ್ರಿ!" ಅಂತ ಬ್ಯಾಂಕಿನವರು ಕೂಗಿದರು. ಹಿಂದೆ ಇನ್ನೂ ಏನೇನೋ ಕೂಗಾಟ ಕೇಳಿತು. ತನ್ನನ್ನು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಕೈ ಆಡಿಸುತ್ತಾ ಹೊರಟುಬಿಟ್ಟ.

ದಾರಿಯುದ್ದಕ್ಕೂ ಅವನ ಖುಷಿಗೆ ಮೇರೆಯೇ ಇರಲಿಲ್ಲ. "ನೋಡಿದ್ಯಾ? ಹೇಗೆ ಓಡ್ತಿದೆ!" ಅಂತ ಎಂಜಿನ್ ಸದ್ದಿನ ಮೇಲೆ ಅರಚಿದ. ಹೆಂಡತಿ ಎದುರಾಡಲಿಲ್ಲ. ಧೈರ್ಯ ಬಂತು. "ಇನ್ನೊಂದು ಹಳೇ ಕಾರು ತಗೊಳ್ಳೋಣ ಅಂತಿದ್ದೀನಿ." ಅದಕ್ಕೂ ಮಾತಿಲ್ಲ. "ಅದನ್ನ ನಿಲ್ಲಿಸೋಕೆ ನಿನ್ನ ಹೊಲಿಗೆ ಮಿಷನ್ ಒಂದು ಚೂರು ಒಳಗೆ ಸರಿಸಿದ್ರಾಯ್ತು." ಅದಕ್ಕೂ ಇಲ್ಲ! ಇಷ್ಟು ಒಳ್ಳೆಯ ಹೆಂಡತಿಯನ್ನು ತಾನು ಇಷ್ಟು ದಿನ ತಪ್ಪು ತಿಳಿದೆನಲ್ಲ ಅಂತ ಅವನ ಕಣ್ಣು ತುಂಬಿಬಂತು.

ಮನೆ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಠೀವಿಯಿಂದ ಇಳಿದ. ಪಕ್ಕದ ಮನೆ ಅಜ್ಜಿ ಗೇಟಿನ ಹತ್ತಿರವೇ ನಿಂತಿದ್ದರು.

"ಯಾಕಪ್ಪಾ, ಒಬ್ಬನೇ ಮಾತಾಡ್ಕೊಂಡು ಬರ್ತಿದ್ದೀಯ? ಮೈ ಹುಷಾರಿಲ್ವಾ?"

ತಿರುಗಿ ನೋಡಿದ. ಹಿಂದಿನ ಸೀಟಿನಲ್ಲಿ ಹೆಂಡತಿಯ ಚೀಲ ಇತ್ತು. ಚೀಲದೊಳಗೆ ಅವಳ ಫೋನು ಇತ್ತು. ಅವಳಿರಲಿಲ್ಲ. ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವನ ಕಣ್ಣು ಕತ್ತಲೆಗಟ್ಟಿತು. ಕಾರು ತಳ್ಳಿದವರಲ್ಲಿ ಅವಳೂ ಒಬ್ಬಳು!

ಓಡಿಹೋಗಿ ಸ್ಟಾರ್ಟ್ ಮಾಡಿದ. ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಒದ್ದ, ಬೇಡಿಕೊಂಡ, ಅಜ್ಜಿಯ ಕೈಯಲ್ಲೂ ತಳ್ಳಿಸಿದ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಡುಗುಡುಗು ಸದ್ದು ಕೇಳಿತು. ಟ್ರಾಕ್ಟರ್ ಯಜಮಾನರು ಓಡಿಸುತ್ತಿದ್ದರು. ಪಕ್ಕದ ಮಡ್‌ಗಾರ್ಡ್ ಮೇಲೆ ಹೆಂಡತಿ ತಲೆ ಎತ್ತಿಕೊಂಡು ಕೂತಿದ್ದಳು.

"ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯ್ತು," ಅನ್ನುತ್ತಾ ಇಳಿದಳು. "ಟಾಟಾ ಬೇರೆ ಮಾಡ್ಕೊಂಡು ಹೋದ್ರಿ! ಅಧ್ಯಕ್ಷರು ಮನೆ ತನಕ ಬಿಡ್ತೀನಿ ಅಂದ್ರು, ನಾನೇ ಬೇಡ ಅಂದೆ. ಇವರ ಹತ್ರ ಸ್ವಲ್ಪ ಮಾತಿತ್ತು."

"ತಪ್ಪಾಯ್ತು ಕಣೆ. ಆದ್ರೆ ಕಾರು ಹಗ್ಗ ಇಲ್ದೆ ಬಂತು. ಮಾತು ಕೊಟ್ಟಿದ್ದೀಯ..."

"ಹೌದು. ಗುಜರಿಗೆ ಹಾಕಲ್ಲ. ಇವರಿಗೆ ಕೊಟ್ಟಿದ್ದೀನಿ. ಟ್ರಾಕ್ಟರುಗಳ ಪಕ್ಕ ಜಾಗ ಇದೆಯಂತೆ."

ಯಜಮಾನರು ಆಗಲೇ ಬಗ್ಗಿ ಕಾರಿನ ಮುಂದೆ ಗಂಟು ಹಾಕುತ್ತಿದ್ದರು.

"ಅಯ್ಯೋ, ಹಗ್ಗ! ಹಗ್ಗ ಕೂಡದು ಅಂತ ನೀನೇ ಅಲ್ವೇನೇ ಹೇಳಿದ್ದು?"

"ಕಟ್ಟಿಸ್ಕೊಂಡು ಬರಕೂಡದು ಅಂದಿದ್ದೆ. ಹೋಗಕೂಡದು ಅಂದಿದ್ನಾ?"

ಇವನು ದಿಕ್ಕು ತೋಚದೆ ಅಜ್ಜಿಯ ಕಡೆ ನೋಡಿದ.

"ಹೆಂಡ್ತೀನೇ ಬಿಟ್ಟು ಬಂದೋನಿಗೆ ಕಾರು ಬಿಡೋದೇನಪ್ಪಾ ಕಷ್ಟ?" ಅಂದರು ಅಜ್ಜಿ.

"ಸಾರ್, ಸ್ಟೀರಿಂಗ್ ಹಿಡಿಯೋಕೆ ಒಬ್ಬರು ಬೇಕು, ಹತ್ತಿ," ಅಂದರು ಯಜಮಾನರು.

ಹತ್ತಿ ಕೂತ. ಟ್ರಾಕ್ಟರ್ ಹೊರಟಿತು, ಕಾರು ಹಿಂದೆಯೇ ವಿಧೇಯವಾಗಿ ಹೊರಟಿತು. ಗೇಟು ದಾಟುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಏ, ನಾನು ವಾಪಸ್ ಬರೋದು ಹೇಗೆ?"

"ನಾನು ಬಂದೆನಲ್ಲ, ಹಾಗೆ!" ಅಂದು ಹೆಂಡತಿ ಬಾಗಿಲು ಹಾಕಿಕೊಂಡಳು.