ಸೆರಗು ನುಂಗಿದ ಹತ್ತಿ ಸಟ್ಟಾ

ಇಳಕಲ್ಲಿನಲ್ಲಿ ನನ್ನಷ್ಟು ಹತ್ತಿ ಬಲ್ಲವನು ಯಾರಿದ್ದಾನೆ? ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಉಜ್ಜಿದರೆ ಅದರ ಜಾತಕವನ್ನೇ ಹೇಳಬಲ್ಲೆ. ಇಂಥ ಪಂಡಿತನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಯಾಕೆ ಸವೆಯಬೇಕು? ಬಾಗಲಕೋಟೆಯ ಪೇಟೆಯಲ್ಲಿ ಹತ್ತಿ ಸಟ್ಟಾ ಆಡಿಯೇ ಇನ್ನು ಹೊಟ್ಟೆ ಹೊರೆಯುವುದೆಂದು ಘನಗಂಭೀರವಾಗಿ ನಿರ್ಧರಿಸಿದೆ. ಮುಂಬಯಿಯ ದರ ಅಂಚೆಕಚೇರಿಯ ತಂತಿಯಲ್ಲಿ, ತಾರಿನಲ್ಲಿ, ಬರುತ್ತದೆ. ಮುಂಜಾನೆ ಕೊಳ್ಳುವುದು, ಸಂಜೆ ಮಾರುವುದು. ಇಷ್ಟೇ ಕೆಲಸ!

“ಕೊಂಡ ಹತ್ತಿ ಎಲ್ಲಿ ಇಡ್ತೀರಿ?” ಎಂದಳು ಹೆಂಡತಿ ನಾಗವ್ವ.

“ಹತ್ತಿ ಬರೂದಿಲ್ಲ. ಬರೇ ಮಾತಿನಾಗ ಕೊಳ್ಳೂದು.”

“ಮಾರೂದು?”

“ಅದೂ ಮಾತಿನಾಗ.”

“ಮತ್ತ ರೊಕ್ಕ?”

“ಅದು ಖರೆ ರೊಕ್ಕ!”

“ಹೋಗೂದೂ ಖರೇನ ಹೋಗತೈತೇನ್ರಿ?”

ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲವೆಂದು ಬಾಗಲಕೋಟೆಯ ದಾರಿ ಹಿಡಿದೆ.

ಮೊದಲ ದಿನವೇ ಗೆದ್ದೆ! ಜರಿ ರುಮಾಲು ಸುತ್ತಿಕೊಂಡು ಊರಿಗೆ ಬಂದೆ. ನೆರೆಮನೆಯ ಬಣ್ಣಗಾರ ಹುಸೇನಸಾಬ, “ಸಾವಕಾರ್ರ, ಬಡವರನ್ನ ಮರೀಬ್ಯಾಡ್ರಿ” ಎಂದು ಚೇಷ್ಟೆ ಮಾಡಿದ. ನಾನು ಅದನ್ನು ಗೌರವವೆಂದೇ ಸ್ವೀಕರಿಸಿದೆ.

ಮಗಳು ಗೌರವ್ವನ ಲಗ್ನ ಹತ್ತಿರ ಬಂದಿತ್ತು. ನಮ್ಮ ಮನೆತನದಲ್ಲಿ ಮಗಳು ಅಪ್ಪ ನೇಯ್ದ ಸೀರೆಯನ್ನೇ ಉಟ್ಟು ಅಕ್ಕಿಕಾಳಿಗೆ ನಿಲ್ಲಬೇಕು. ಸೀರೆಯ ಮೈ ನೇಯ್ದಾಗಿತ್ತು. ಸೆರಗಿನ ಕೆಂಪು ರೇಷ್ಮೆ ಪೆಟ್ಟಿಗೆಯಲ್ಲಿತ್ತು. ದೊಡ್ಡ ವ್ಯವಹಾರಕ್ಕೆ ಏನಾದರೂ ಒತ್ತೆ ಇಡಬೇಕೆಂದು, ಪೇಟೆಯಲ್ಲಿ ದಲಾಲಿ ಪಡೆದು ಸಟ್ಟಾ ಆಡಿಸುವ ಅಡತಿ ಅಂಗಡಿಯವನು ಹೇಳಿದ್ದ. “ಹುಸೇನಸಾಬನ ಕಡೆ ಇನ್ನೊಮ್ಮಿ ಬಣ್ಣ ಹಾಕಿಸ್ತೇನಿ” ಎಂದು ನಾಗವ್ವನಿಗೆ ಸುಳ್ಳು ಹೇಳಿ, ರೇಷ್ಮೆಯನ್ನು ಚೀಲಕ್ಕಿಳಿಸಿ ಬಾಗಲಕೋಟೆಗೆ ಹೊರಟೆ.

ಪೇಟೆಗೆ ಬಂದ ಬಂಡಿಗಳ ಹತ್ತಿ ಉಜ್ಜಿ ನೋಡಿದೆ. ಬೆಣ್ಣೆ! ದರ ಏರಲೇಬೇಕೆಂದು ಕೊಂಡೆ. ತಾರು ಬಂತು. ಇಳಿದಿತ್ತು! ಮುಂಬಯಿಯವರು ನನ್ನ ಬೆರಳನ್ನು ಕೇಳಿಯೇ ಇರಲಿಲ್ಲ.

ಆಗಲೇ ಎದ್ದು ಬರಬೇಕಿತ್ತು. ಆದರೆ ನಾನು ನೇಕಾರ. ಎಳೆ ಹರಿದರೆ ಮಗ್ಗ ಬಿಟ್ಟು ಏಳುವವನಲ್ಲ. ಗಂಟು ಹಾಕಿ ಮುಂದೆ ನೇಯುವವನು. ಮತ್ತೆ ಕೊಂಡೆ. ಮತ್ತೆ ಇಳಿಯಿತು. ಮತ್ತೊಂದು ಗಂಟು!

“ಸಾಕ್ ಮಾಡಪಾ, ಮನೀಗಿ ಹೋಗು,” ಎಂದ ಅಡತಿಯವನು.

“ಒಂದು ಎಳಿ ಹರದೈತ್ರಿ, ಅಷ್ಟ!”

ಸಂಜೆಗೆ ರೇಷ್ಮೆ ಅವನದಾಯಿತು. ರುಮಾಲೂ ಅಲ್ಲೇ ಉಳಿಯಿತು. ಬರಿತಲೆಯಲ್ಲಿ ಮನೆ ಸೇರಿ ಇದ್ದದ್ದನ್ನೆಲ್ಲ ಹೇಳಿದೆ.

ನಾಗವ್ವ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು! ತನ್ನ ಲಗ್ನದ ಸೀರೆ ತೆಗೆದು, ಸೆರಗು ಕತ್ತರಿಸಿ ಮಗಳ ಸೀರೆಗೆ ಹೊಲಿದಳು. ಅದು ಅವಳ ಅಪ್ಪ ನೇಯ್ದ ಸೆರಗು. ಕತ್ತರಿ ಆಡುವಾಗ ನಾನು ಹಿತ್ತಲಿಗೆ ಹೋಗಿ ಅತ್ತೆ.

ನಮ್ಮಲ್ಲಿ ಸೆರಗನ್ನು ಮಗ್ಗದಲ್ಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹೊಲಿದರೆ ಕುರುಡನ ಬೆರಳಿಗೂ ತಿಳಿಯುತ್ತದೆ. ಲಗ್ನದ ದಿನ ಬೀಗತಿ ಸೆರಗು ಮುಟ್ಟಿದ್ದೇ ತಡ, “ನೇಕಾರರ ಮನ್ಯಾಗ ಸೆರಗಿಗಿ ಹೊಲಿಗಿ ಏನ್ರಿ?” ಎಂದರು.

“ನಮ್ಮಪ್ಪನ ನೆನಪಿರಲಿ ಅಂತ ಹಚ್ಚೇನ್ರಿ” ಎಂದಳು ನಾಗವ್ವ, ನನ್ನತ್ತ ನೋಡದೆ. ಅವಳು ನನ್ನ ಮಾನ ಉಳಿಸಿದಳು. ನನಗೋ ಮಗ್ಗದ ಕುಣಿಯಲ್ಲಿ ಮಲಗಿ ಮಣ್ಣು ಮುಚ್ಚಿಕೊಳ್ಳಬೇಕೆನಿಸಿತು.

ಈಗ ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದೇನೆ. ಹಬ್ಬ ಬಂದರೆ ನಾಗವ್ವ ಆ ಮೋಟು ಸೀರೆಯನ್ನೇ ಉಡುತ್ತಾಳೆ. ಸೆರಗೆಲ್ಲಿ ಎಂದು ಓಣಿಯ ಹೆಂಗಸರು ಕೇಳಿದರೆ, ನನಗೆ ಕೇಳಿಸುವಂತೆ ಹೇಳುತ್ತಾಳೆ:

“ಬಾಗಲಕೋಟ್ಯಾಗ ಐತಿ. ರೇಟ್ ಏರಿದ ಮ್ಯಾಲ ನಮ್ಮವರು ತರ್ತಾರ!”