ದಿಲಾವರನ ಕಾಯಂ ವಿಳಾಸ

ದಿಲಾವರನ ಆ ದಿನದ ತಾಪತ್ರಯ ಶುರುವಾದದ್ದು ಒಂದು ಕೋಳಿ ಅಂಗಡಿಯಿಂದ.

ಹಿರೇಕೆರೂರಿನ ಪ್ರೈಮರಿ ಶಾಲೆಯಲ್ಲಿ ಕಲಿಸುವ ನೀಲಾಂಬಿಕಾ ಅಕ್ಕಾರು ತಂಗಿಯ ಮದುವೆಗೆ ಜೋಡಿ ಹತ್ತಿ ಗಾದಿ ಹೇಳಲೆಂದು ಬೆಳಿಗ್ಗೆಯೇ ಸವಣೂರಿಗೆ ಬಂದಿದ್ದರು. ತಮ್ಮ ಮದುವೆಯ ಗಾದಿಯನ್ನೂ ದಿಲಾವರನೇ ಹೊಲಿದು ಕೊಟ್ಟಿದ್ದ. ಅದೇ ಗುರುತಿನ ಮೇಲೆ ಸೀದಾ ಬಜಾರಿನ ಹಳೇ ಅಂಗಡಿಯೊಳಗೆ ಕಾಲಿಟ್ಟರೆ, ಅಲ್ಲಿದ್ದವನು "ಎಷ್ಟ್ ಕೇಜಿರಿ?" ಎಂದು ಕತ್ತಿ ಎತ್ತಿದನಂತೆ. ಅಕ್ಕಾರು ಶುದ್ಧ ಸಸ್ಯಾಹಾರಿಗಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಇನ್ನೂ ಎರಡು ಓಣಿ ಸುತ್ತಿ, ಕೇಳಿದವರನ್ನೆಲ್ಲ ಕೇಳಿ, ಕಡೆಗೆ ದಿಲಾವರನ ಈಗಿನ ಅಂಗಡಿ ಮುಟ್ಟಿದಾಗ ಅವರ ಸಿಟ್ಟು ನೆತ್ತಿಗೇರಿತ್ತು.

"ಏನ್ರಿ ದಿಲಾವರ, ಅಂಗಡಿ ಹೆಗಲ ಮ್ಯಾಲ ಹೊತ್ಕೊಂಡು ತಿರಗತೀರೇನು? ನಿಮ್ಮನ್ನ ಹುಡುಕೂದ್ರಾಗ ನನ್ನ ತಂಗಿ ಮದಿವಿನ ಮುಗದು ಹೋಗತಿತ್ತು."

ದಿಲಾವರ ಏನು ಹೇಳಿಯಾನು? ಈ ಅಂಗಡಿಯನ್ನೂ ಅಮಾವಾಸ್ಯೆಯೊಳಗೆ ಖಾಲಿ ಮಾಡಬೇಕೆಂದು ಮಾಲಕ ಗುದ್ಲೆಪ್ಪ ಸಾವಕಾರರು ಹಿಂದಿನ ದಿನವಷ್ಟೇ ಹೇಳಿ ಹೋಗಿದ್ದರು. ಅವರ ಅಳಿಯ ಅಲ್ಲಿ ಮೊಬೈಲ್ ಅಂಗಡಿ ಇಡುವವನಿದ್ದ. ಅದರ ಹಿಂದಿನ ಮಾಲಕರಿಗೂ ಒಬ್ಬ ಅಳಿಯನಿದ್ದ, ಅದರ ಹಿಂದಿನವರಿಗೂ ಇದ್ದ. ದಿಲಾವರ ಹೊಸ ಅಂಗಡಿಗೆ ಸುಣ್ಣ ಹೊಡೆಸಿ, ಬೋರ್ಡು ಹಾಕಿ, ಗಿರಾಕಿಗಳಿಗೆ ದಾರಿ ರೂಢಿಯಾಗುವ ಹೊತ್ತಿಗೆ ಸರಿಯಾಗಿ ಮಾಲಕರ ಅಳಿಯನಿಗೆ ಸ್ವಂತ ಕಾಲ ಮೇಲೆ ನಿಲ್ಲುವ ಬುದ್ಧಿ ಬರುತ್ತಿತ್ತು.

ಊರಿಗೆಲ್ಲ ಮೆತ್ತನೆಯ ಗಾದಿ ಹೊಲಿದು ಕೊಟ್ಟವನಿಗೆ ಸ್ವಂತಕ್ಕೆ ಇದ್ದದ್ದು ಒಂದೇ ಆಸೆ. ಯಾರ ಅಪ್ಪಣೆಯನ್ನೂ ಕೇಳದೆ ಗೋಡೆಗೊಂದು ಮೊಳೆ ಹೊಡೆಯಬೇಕು, ಅದಕ್ಕೆ ತನ್ನ ಹೆಸರಿನ ಬೋರ್ಡು ತೂಗಬೇಕು, ತಾನು ಸತ್ತ ಮೇಲೂ ಅದು ಅಲ್ಲೇ ಇರಬೇಕು. ಹತ್ತಿ ಹಿಂಜುತ್ತ ಕುಳಿತಾಗ ಆ ಗೋಡೆ ಅವನ ಕಣ್ಣ ಮುಂದೆ ಬರುತ್ತಿತ್ತು. ಸಂಜೆ ಬಿಸಿಲು ಯಾವ ಕಡೆಯಿಂದ ಅದರ ಮೇಲೆ ಬೀಳುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಗೋಡೆಯೊಂದು ಇರಲಿಲ್ಲ, ಅಷ್ಟೆ.

ಸಂಗತಿ ಕೇಳಿ ಅಕ್ಕಾರ ಸಿಟ್ಟು ಇಳಿಯಿತು. "ಅದಕ್ಯಾಕ ಇಷ್ಟು ಚಿಂತಿ ಮಾಡ್ತೀರಿ? ಇಂಟರ್ನೆಟ್ಟಿನಾಗ ಒಂದು ವಿಳಾಸ ತಗೋರಿ. ದಿಲಾವರಗಾದಿ ಡಾಟ್ ಇನ್ ಅಂತ. ಡೊಮೇನ್ ಅಂತಾರ ಅದಕ್ಕ. ನೀವು ಅಂಗಡಿ ಯಾವ ಓಣಿಗೆ ಒಯ್ದ್ರೂ ಆ ವಿಳಾಸ ಬದಲಾಗಂಗಿಲ್ಲ. ಜಗತ್ತಿನಾಗ ಆ ಹೆಸರು ಒಬ್ಬರಿಗೇ."

"ಅಲ್ಲಿಂದ ಯಾರೂ ಖಾಲಿ ಮಾಡು ಅನ್ನಂಗಿಲ್ರೀ?"

"ವರ್ಷಾ ವರ್ಷಾ ಒಂದೀಟು ರೊಕ್ಕ ಕಟ್ಟಿದ್ರ ಮುಗೀತು. ಯಾರೂ ಅನ್ನಂಗಿಲ್ಲ."

"ಮಾಲಕರ ಅಳಿಯ?"

"ಯಾರ ಅಳಿಯನೂ ಅನ್ನಂಗಿಲ್ರಿ."

ದಿಲಾವರನ ಕಣ್ಣು ತುಂಬಿ ಬಂತು. ಹತ್ತಿಯ ದೂಳು ಎಂದು ಹೇಳಿ ಒರೆಸಿಕೊಂಡ. ಅಕ್ಕಾರು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಎರಡು ಕಂಪನಿಗಳ ಫೋನ್ ನಂಬರ್ ಬರೆದುಕೊಟ್ಟು, ಬಸ್ಸಿಗೆ ಹೊರಡುವಾಗ ಒಂದು ಮಾತು ಸೇರಿಸಿದರು. "ಹೆಸರು ಕೊಡಿಸೂ ಕಂಪನಿಗೆ ರಜಿಸ್ಟ್ರಾರ್ ಅಂತಾರ. ಅದನ್ನ ಮಾತ್ರ ನೋಡಿ ಮಾಡಿ ಹಿಡೀರಿ. ನಂಬಿಗಸ್ತರು ಇರಬೇಕು."

ಈ ಮಾತು ಪಕ್ಕದ ಚಹಾ ಅಂಗಡಿಯ ಅಜ್ಜಪ್ಪನ ಕಿವಿಗೆ ಬಿತ್ತು. ಒಲೆಯ ಮೇಲಿನ ಚಹಾ ಹಾಗೇ ಬಿಟ್ಟು ಅವನು ಎದ್ದು ಬಂದ. ನೋಡಿ ಮಾಡಿ ಹಿಡಿಯುವುದೆಂದರೆ ಅದು ಅಜ್ಜಪ್ಪನ ಇಲಾಖೆ. ಓಣಿಯಲ್ಲಿ ಯಾರ ಮನೆಗೆ ವರ ನೋಡುವುದಿದ್ದರೂ ವಿಚಾರಣೆ ಅವನದೇ. ಅವನು ವಿಚಾರಿಸದೆ ಕುದುರಿದ ಸಂಬಂಧವಿಲ್ಲ. ಅವನು ವಿಚಾರಿಸಿದ ಮೇಲೆ ಕುದುರಿದ್ದೂ ಕಡಿಮೆ ಎನ್ನುವವರಿದ್ದಾರೆ, ಅದು ಬೇರೆ ಮಾತು.

"ಫೋನ್ ಹಚ್ಚು," ಎಂದ ಅಜ್ಜಪ್ಪ. "ದೊಡ್ಡದಾಗಿ ಕೇಳೂವಂಗ ಇಡು. ಮನೆತನಾ ನಾ ವಿಚಾರಿಸ್ತೇನಿ."

ಮೊದಲನೇ ಕಂಪನಿಯಲ್ಲಿ ಒಬ್ಬ ಹುಡುಗಿ ಫೋನ್ ಎತ್ತಿದಳು. ಬೆಂಗಳೂರಿನ ಮಾತಿನಲ್ಲಿ ಹೆಸರು ಪೂಜಾ ಎಂದಳು, ಯಾವ ಡೊಮೇನ್ ಬೇಕು ಸರ್ ಎಂದು ಕೇಳಿದಳು.

"ಅದು ಆಮ್ಯಾಲ, ಯವ್ವಾ," ಎಂದ ಅಜ್ಜಪ್ಪ. "ನಿಮ್ಮ ಮಾಲಕ್ರು ಯಾವ ಊರವ್ರು? ಯಾರ ಪೈಕಿ?"

"ಸರ್, ಅದು ನಮಗೆ ಗೊತ್ತಿಲ್ಲ."

"ಅವ್ರಿಗೆ ಸ್ವಂತ ಮನಿ ಐತೋ, ಬಾಡಿಗಿದೋ?"

ಆ ಪ್ರಶ್ನೆಗೆ ಹುಡುಗಿಯ ಮಾತಿನಿಂದ ಬೆಂಗಳೂರು ಜಾರಿಬಿತ್ತು. "ಕಾಕಾರ, ನೀವು ಹಾನಗಲ್ಲ ಕಡೆಯವ್ರೇನ್ರಿ? ನಮ್ಮೂರು ತಿಳವಳ್ಳಿ."

ಅಲ್ಲಿಂದ ಮುಂದೆ ಡೊಮೇನಿನ ಮಾತು ಹಿಂದೆ ಬಿತ್ತು. ತಿಳವಳ್ಳಿಯಲ್ಲಿ ಗೋವಿನಜೋಳ ಹೇಗಿದೆ ಎಂದು ಇವನು ಕೇಳಿದ. ಅದನ್ನು ನೋಡಿ ವರ್ಷವಾಯಿತು ಎಂದು ಅವಳು ನಿಟ್ಟುಸಿರು ಬಿಟ್ಟಳು. ಇಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನ ಇದ್ದೇವೆ, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕಾಣುತ್ತದೆ ಎಂದಳು. ಗೋಡೆಯ ಮಾತು ಬಂದ ಕೂಡಲೇ ದಿಲಾವರ ನಡುವೆ ಬಾಯಿ ಹಾಕಿ, ತಾನು ಗಾದಿ ಹೊಲಿಯುವವನೆಂದೂ ದಿಲಾವರಗಾದಿ ಎಂಬ ಹೆಸರು ಬೇಕೆಂದೂ ಹೇಳಿದ.

"ಕಂಪನಿ ಛಲೋ ಐತ್ರಿ," ಎಂದಳು ಪೂಜಾ. "ನೀವು ಕೇಳಿದ ಹೆಸರೂ ಈಗ ಸಿಗತೇತಿ. ನಾಳೆ ಯಾರರ ಹಿಡದ್ರ ನಮಗೂ ಏನೂ ಮಾಡಾಕ ಬರಂಗಿಲ್ಲ. ಆದ್ರ ನಾ ಮುಂದಿನ ವಾರ ಕೆಲಸ ಬಿಡಾಕತ್ತೇನಿ. ಲಗ್ನ ಐತಿ. ಕಾಕಾರ, ಜೋಡಿ ಗಾದಿಗೆ ಎಷ್ಟಾಗತೇತಿ?"

ದಿಲಾವರ ಸಂತೋಷದಿಂದ ಆರ್ಡರ್ ಬರೆದುಕೊಂಡ. ಆದರೆ ಅಜ್ಜಪ್ಪ ತಲೆ ಅಲ್ಲಾಡಿಸಿದ. ಗುರುತಿನ ಹುಡುಗಿಯೇ ಬಿಟ್ಟು ಹೋಗುವ ಕಂಪನಿಯಲ್ಲಿ ನಾಳೆ ದಿಲಾವರನ ಪರವಾಗಿ ಮಾತಾಡುವವರು ಯಾರು?

ಎರಡನೇ ಕಂಪನಿಯವನು ಮೊದಲ ವರ್ಷ ಬಹಳ ಸಸ್ತಾ ಎಂದ. ಎರಡನೇ ವರ್ಷ ಎಂದು ಕೇಳಿದರೆ ಕೆಮ್ಮಿದ. "ಮೂರು ಪಟ್ಟು ಆಗಬೌದು ಸರ್," ಎಂದ.

"ಇವ ನಿನ್ನ ಹಳೇ ಮಾಲಕರ ಪೈಕಿ," ಎಂದು ಅಜ್ಜಪ್ಪ ಫೋನ್ ಇಟ್ಟ. "ದಿಲಾವರ, ಗುರ್ತಿಲ್ಲದ ಮನಿಗೆ ಹೆಣ್ಣು ಕೊಡಬಾರ್ದು, ಹೆಸರೂ ಕೊಡಬಾರ್ದು. ಶಿಗ್ಗಾವಿಗೆ ನಡಿ. ನನ್ನ ಮಗಳ ಮೈದುನ ಪ್ರಶಾಂತ ಕಂಪ್ಯೂಟರ್ ಸೆಂಟರ್ ಇಟ್ಟಾನ. ನಮ್ಮ ಹುಡುಗ."

ನಾಳೆ ಯಾರಾದರೂ ಹಿಡಿದರೆ ಎಂಬ ಮಾತು ದಿಲಾವರನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟ. ಬಸ್ಸಿನಲ್ಲಿ ಅಜ್ಜಪ್ಪ ದಾರಿಯುದ್ದಕ್ಕೂ ಮಗಳಿಗೆ, ಬೀಗರಿಗೆ, ಬೀಗರ ಅಣ್ಣನಿಗೆ ಫೋನ್ ಮಾಡಿದ. ಎಲ್ಲವೂ ದಿಲಾವರನ ಫೋನಿನಿಂದ. ಅಜ್ಜಪ್ಪ ಸ್ವಂತ ಫೋನ್ ಇಟ್ಟುಕೊಂಡವನಲ್ಲ, ಅದು ತಲೆಗೆ ಕೆಟ್ಟದ್ದು ಎಂಬುದು ಅವನ ನಂಬಿಕೆ. ಶಿಗ್ಗಾವಿ ಬರುವಷ್ಟರಲ್ಲಿ ಆ ಫೋನು ಕಣ್ಣು ಮುಚ್ಚಿತು.

ಪ್ರಶಾಂತನ ಸೆಂಟರಿಗೆ ಬೀಗ. ಹಾನಗಲ್ಲಿನಲ್ಲಿ ಮದುವೆಗೆ ಹೋಗಿದ್ದಾನೆ ಎಂದು ಪಕ್ಕದವರು ಹೇಳಿದರು. ಅಲ್ಲಿಂದ ಹಾನಗಲ್ಲಿಗೆ ಇನ್ನೊಂದು ಬಸ್ಸು. ಕಲ್ಯಾಣ ಮಂಟಪ ಮುಟ್ಟಿದಾಗ ಅಕ್ಷತೆ ಆಗಿ, ಊಟದ ಎರಡನೇ ಪಂಕ್ತಿ ಎದ್ದಿತ್ತು. ಪ್ರಶಾಂತ ಕೈ ತೊಳೆಯುತ್ತಿದ್ದ. ಒಳ್ಳೆಯ ಹುಡುಗ, ಸಂಗತಿ ಕೇಳಿ ಇಲ್ಲ ಎನ್ನಲಿಲ್ಲ. ಲ್ಯಾಪ್‌ಟಾಪು ಬ್ಯಾಗಿನಲ್ಲೇ ಇತ್ತು. ಕೂರಲು ಜಾಗವಿಲ್ಲದೆ, ವಧುವಿಗೆ ಕೊಡುವ ಸಾಮಾನಿನ ನಡುವೆ ಹಾಸಿದ್ದ ಗಾದಿಯ ಮೇಲೆಯೇ ಕುಳಿತ. ದಿಲಾವರ ಅಂಚಿನ ಹೊಲಿಗೆ ನೋಡಿದ. ಅದು ತನ್ನದೇ ಕೈಯ ಗಾದಿ. ಒಳ್ಳೆಯ ಶಕುನ ಎನಿಸಿತು.

ಸುತ್ತ ಜನ ನೆರೆದರು. ಒಬ್ಬರು ಡಾಟ್ ಇನ್ ಬೇಡ, ಡಾಟ್ ಕಾಮ್ ಹಿಡಿ ಎಂದರು. ಇನ್ನೊಬ್ಬರು ರಾಹುಕಾಲ ಮುಗಿಯಲಿ ಎಂದರು. ಮತ್ತೊಬ್ಬರು ಗಾದಿಗೆ ವಿಳಾಸ ಯಾಕೆ, ಮಲಗಿದವನು ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿ ತಾವೇ ನಕ್ಕರು. ಪ್ರಶಾಂತ ಯಾರ ಮಾತಿಗೂ ಕಿವಿಗೊಡದೆ ಒಂದು ಕಂಪನಿ ತೆಗೆದ. "ಇವ್ರು ಪಕ್ಕಾ ಅದಾರ್ರಿ. ದರ ಮುಚ್ಚಿಡಂಗಿಲ್ಲ, ಕೇಳಿದ್ರ ಫೋನ್ ಎತ್ತತಾರ. ನನ್ನ ಗಿರಾಕಿಗಳು ಎಲ್ಲಾರೂ ಇವರ ಕಡೇನ ಅದಾರ." ಅಜ್ಜಪ್ಪನೂ ಒಪ್ಪಿದ. ಅಂತೂ ನಂಬಿಗಸ್ತ ರಜಿಸ್ಟ್ರಾರ್ ಸಿಕ್ಕಿದ್ದ.

"ಮೊಬೈಲ್ ನಂಬರ್ ಹೇಳ್ರಿ. ಓಟಿಪಿ ಬರತೇತಿ."

ದಿಲಾವರ ಸತ್ತ ಫೋನನ್ನು ಕೈಯಲ್ಲಿ ಹಿಡಿದು ನಿಂತ. ಚಾರ್ಜಿಗೆ ಹಾಕೋಣವೆಂದರೆ ಮಂಟಪದ ಪ್ಲಗ್ಗುಗಳನ್ನೆಲ್ಲ ಬ್ಯಾಂಡಿನವರು ಹಿಡಿದಿದ್ದರು.

"ಛಲೋನ ಆತು," ಎಂದ ಅಜ್ಜಪ್ಪ. ಅವನ ಕಣ್ಣು ಮಂಟಪದ ಮುಂದಿನ ಸೋಫಾದ ಮೇಲಿತ್ತು. ಅಲ್ಲಿ ಗುದ್ಲೆಪ್ಪ ಸಾವಕಾರರು ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. "ಇದು ಜಾಗಾ ಹಿಡಿಯೂ ಕೆಲಸ. ಕೈಗುಣ ಇದ್ದವ್ರು ಮಾಡಬೇಕು. ಜಾಗಾದ ವಿಷಯದಾಗ ಸಾವಕಾರರಂಥ ಕೈಗುಣ ಯಾರಿಗೈತಿ?"

ಅದೇನೂ ಸುಳ್ಳಲ್ಲ. ಗುದ್ಲೆಪ್ಪ ಜಾಲಿ ಕಂಟಿ ಬೆಳೆದ ಹೊಲ ಕೊಂಡರೆ ಮರುವರ್ಷ ಅದರ ಬದಿಗೆ ಬಸ್ ನಿಲ್ದಾಣ ಬರುತ್ತಿತ್ತು. ಸುತ್ತಿನ ನಾಲ್ಕು ತಾಲೂಕಿನಲ್ಲಿ ಯಾರು ಪಾಯ ಹಾಕಿದರೂ ಮೊದಲ ಕಲ್ಲು ಮುಟ್ಟಿಸಲು ಅವರನ್ನೇ ಕರೆಯುತ್ತಿದ್ದರು. ಖಾಲಿ ಮಾಡಿಸುವ ಕೈಯಿಂದಲೇ ಕಾಯಂ ಜಾಗ ಹಿಡಿಸುವುದೇ ಎಂದು ದಿಲಾವರನ ಮನಸ್ಸು ಒಂದು ಗಳಿಗೆ ಹಿಂಜರಿಯಿತು. ಆದರೆ ಆಸೆ ದೊಡ್ಡದು. ಹೋಗಿ ಕೈ ಮುಗಿದ.

"ಶುಭ ಕಾರ್ಯಕ್ಕ ನಾ ಯಾವಾಗ ಇಲ್ಲ ಅಂದೇನಿ ತಮ್ಮಾ?" ಎಂದು ಗುದ್ಲೆಪ್ಪ ಎದ್ದು ಬಂದರು. ತಮ್ಮ ಮೊಬೈಲನ್ನೂ ಹಣ ಕಟ್ಟಲು ತಮ್ಮ ಕಾರ್ಡನ್ನೂ ಪ್ರಶಾಂತನ ಕೈಗಿಟ್ಟರು. ದಿಲಾವರ ಜೇಬಿನಿಂದ ಹಣ ತೆಗೆದು ಅಲ್ಲೇ ಅವರಿಗೆ ಕೊಟ್ಟ. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು. ಪ್ರಶಾಂತ ಏನೋ ಕೂಗಿ ಕೇಳಿದ, ಅಜ್ಜಪ್ಪ ಏನೋ ಕೂಗಿ ಹೇಳಿದ. ಸಾವಕಾರರು ಪೂರ್ವಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ಮಿಕ್ಕಿದ್ದ ಅಕ್ಷತೆಯನ್ನು ಜನ ಲ್ಯಾಪ್‌ಟಾಪಿನ ಮೇಲೆ ಎರಚಿದರು.

ಮರಳಿ ಬರುವಾಗ ದಿಲಾವರ ಕಿಟಕಿಗೆ ಒರಗಿ ಕುಳಿತ. ದಿಲಾವರಗಾದಿ ಡಾಟ್ ಇನ್ ಎಂದು ಬಾಯೊಳಗೇ ಹೇಳಿಕೊಂಡ. ಅವನ ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ಅಲೆದವನು. ಯಾರದೋ ಮನೆಯ ಕಟ್ಟೆ, ಯಾರದೋ ಬೇವಿನ ನೆರಳು, ಅದೇ ಅವನ ಅಂಗಡಿ. ಅಪ್ಪ ಬದುಕಿದ್ದರೆ ಇವತ್ತು ಹೇಳಬಹುದಿತ್ತು, ಅಪ್ಪಾ, ಇನ್ನು ನಮ್ಮನ್ನು ಏಳು ಎನ್ನುವವರಿಲ್ಲ ಎಂದು. ಹೇಳಲು ಅವನಿಲ್ಲವಲ್ಲ ಎಂದು ಬಹಳ ಸಂಕಟವಾಯಿತು. ಬಂಕಾಪುರ ದಾಟಿದರೂ ಆ ಸಂಕಟ ಇಳಿಯಲಿಲ್ಲ, ಸಂತೋಷವೂ ಇಳಿಯಲಿಲ್ಲ.

ಸಂಜೆ ಅವನು ಅಂಗಡಿಯ ಬೀಗ ತೆಗೆದು ಫೋನು ಚಾರ್ಜಿಗೆ ಹಾಕಿ, ಸುತ್ತಲಿನ ಗೋಡೆಗಳನ್ನು ಮೊದಲ ಸಲ ದುಃಖವಿಲ್ಲದೆ ನೋಡಿದ. ಹೋದರೆ ಹೋಗಲಿ ಈ ಜಾಗ. ಅದೇ ಹೊತ್ತಿಗೆ ಬಾಗಿಲಲ್ಲಿ ಗುದ್ಲೆಪ್ಪ ಸಾವಕಾರರ ಕಾರು ನಿಂತಿತು. ಅವರ ಮುಖ ಅರಳಿತ್ತು.

"ದಿಲಾವರ, ನಿನ್ನ ಕೆಲಸಕ್ಕ ಕೈ ಹಚ್ಚಿದ್ದು ನನಗೂ ಫಲ ಕೊಟ್ಟೈತಿ ನೋಡು. ಕಂಪನಿಯವ್ರು ನನಗ ಮೇಲ್ ಕಳಿಸ್ಯಾರ. ಅಳಿಯ ಓದಿ ಹೇಳ್ದ. ಅಭಿನಂದನೆಗಳು, ದಿಲಾವರಗಾದಿ ಡಾಟ್ ಇನ್ ಇದರ ಮಾಲಕರು ಗುದ್ಲೆಪ್ಪನವರು ಅಂತ ಐತಂತ."

ದಿಲಾವರ ಕೂಡಲೇ ಪ್ರಶಾಂತನಿಗೆ ಫೋನ್ ಹಚ್ಚಿದ.

"ನಂಬರ್ ಅವ್ರದು, ಮೇಲ್ ಅವ್ರದು, ಕಾರ್ಡೂ ಅವ್ರದು," ಎಂದ ಪ್ರಶಾಂತ. "ಯಾರ ಹೆಸರಿಲೆ ಮಾಡ್ಲಿ ಅಂತ ಕೂಗಿ ಕೇಳಿದೆ. ಅಜ್ಜಪ್ಪ ಮಾವಾರು ಸಾವಕಾರ್ರ ಹೆಸರಿಲೇನ ಮಾಡು, ಕೈಗುಣ ಛಲೋ ಐತಿ ಅಂದ್ರು. ಚಿಂತಿ ಮಾಡಬ್ಯಾಡ್ರಿ. ಮಾಲಕ್ರು ಒಪ್ಪಿದ್ರ ನಿಮ್ಮ ಹೆಸರಿಗೆ ಬದಲಿ ಆಗತೇತಿ. ಕಂಪನಿ ಬಾಳ ನಂಬಿಗಸ್ತ ಐತ್ರಿ. ಮಾಲಕ್ರು ಒಪ್ಪದ ಯಾರಿಗೂ ಒಂದು ಅಕ್ಷರ ಮುಟ್ಟಗೊಡಂಗಿಲ್ಲ."

ಚಹಾ ಅಂಗಡಿಯಿಂದ ಅಜ್ಜಪ್ಪ ಇಣುಕಿದ. "ನಾ ಹೇಳಿದ್ದಿಲ್ಲೇನು ಕೈಗುಣ?" ಎಂದವನು ದಿಲಾವರನ ಮುಖ ನೋಡಿ ಒಳಗೆ ಸರಿದ.

ದಿಲಾವರ ಸಾವಕಾರರ ಕಡೆ ತಿರುಗಿದ. "ಸಾವಕಾರ್ರ, ಅದು ನನ್ನ ಹೆಸರ್ರಿ."

"ಹೆಸರು ನಿಂದ, ಯಾರು ಇಲ್ಲ ಅಂದ್ರು?" ಎಂದರು ಗುದ್ಲೆಪ್ಪ ಅಂತಃಕರಣದಿಂದ. "ನೀ ಕೊಟ್ಟ ರೊಕ್ಕಾನೂ ತಿರುಗಿ ತಗೋ, ಅದರ ಋಣ ನನಗ ಬ್ಯಾಡ. ಆದ್ರ ಒಮ್ಮೆ ಕೈಗೆ ಬಂದ ಜಾಗಾ ಬಿಟ್ಟುಕೊಡೂದು ನಮ್ಮ ಮನೆತನದಾಗ ಇಲ್ಲ ತಮ್ಮಾ. ನಮ್ಮ ಅಜ್ಜ ಸಾಯೂ ಮುಂದ ಆಣಿ ಹಾಕ್ಯಾನ. ಅದಕ್ಕ ನಾ ಮೊದಲ ನಿನ್ನ ಕಡೆ ಬಂದೇನಿ. ಈ ವಿಳಾಸಾ ಮಂದಿಗೆ ಬಾಡಿಗಿ ಕೊಡೂಕಿಂತ ಮೊದಲ ಹಳೇ ಬಾಡಿಗಿದಾರನ್ನ ಕೇಳೂದು ಧರ್ಮ."

ದಿಲಾವರ ಸಾವಕಾರರಿಗೆ ಸ್ಟೂಲು ಒರೆಸಿ ಹಾಕಿದ. ಜೀವನದುದ್ದಕ್ಕೂ ಆಡಿ ಆಡಿ ರೂಢಿಯಾದ ಮಾತು ತಾನಾಗಿಯೇ ಬಾಯಿಗೆ ಬಂತು.

"ಕುಂಡ್ರಿ ಸಾವಕಾರ್ರ. ಡಿಪಾಜಿಟ್ ಎಷ್ಟ್ರೀ?"