ಮುದ್ದೆ ಬೇಯದ ಲಾಡ್ಜು

ಗೋಲ್ ಗುಂಬಜಿನೊಳಗೆ ಒಮ್ಮೆ ಕೆಮ್ಮಿದರೆ ಏಳು ಸಲ ಕೇಳಿಸುತ್ತದಂತೆ. ಈ ವಿಷಯ ತಿಳಿದಾಗ ನಮ್ಮ ಮನೆಯ ಹನ್ನೆರಡು ಜನರಲ್ಲಿ ಹನ್ನೊಂದು ಜನ ಖುಷಿಯಿಂದ ಬಾಯಿ ತೆರೆದರು. ನಾನೊಬ್ಬಳು ಮಗಳ ಎದೆಗೆ ಕಿವಿಯಿಟ್ಟೆ.

ಪ್ರಿಯಾಳಿಗೆ ಐದು ವರ್ಷ. ಉಬ್ಬಸವಿದೆ. (ಡಾಕ್ಟರು ಅದನ್ನು 'ಸ್ವಲ್ಪ ವೀಸಿಂಗ್' ಎನ್ನುತ್ತಾರೆ. ಸ್ವಲ್ಪ ಎನ್ನುವುದು ಅವರಿಗೆ.) ಕಳೆದ ಬೇಸಿಗೆಯಲ್ಲಿ ಮೈಸೂರಿನ ಲಾಡ್ಜೊಂದರಲ್ಲಿ ನಮ್ಮ ಅತ್ತೆ ಅಕ್ಕಯಮ್ಮನವರು ಕಿಟಕಿ ಮುಚ್ಚಿ, ಸೀಮೆಎಣ್ಣೆ ಸ್ಟೌ ಹಚ್ಚಿ, ಮುದ್ದೆ ತಿರುವುತ್ತಿದ್ದರು. ಮೂಲೆಯಲ್ಲಿ ಆಡುತ್ತಿದ್ದ ಮಗುವಿನ ತುಟಿ ನೀಲಿಯಾಯಿತು. ಅರಮನೆ ನೋಡಲು ಹೋದ ನಾವು ಎರಡು ದಿನ ಆಕ್ಸಿಜನ್ ಸಿಲಿಂಡರಿನ ದರ್ಶನ ಪಡೆದು ಬಂದೆವು.

ಅತ್ತೆ ಮನೆಯವರು ಬೆಂಗಳೂರಿನ ರಾಮಮೂರ್ತಿ ನಗರ ಇನ್ನೂ ಹೊಲವಾಗಿದ್ದ ಕಾಲದಿಂದ ಇಲ್ಲಿನವರು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ, ಹೊಟ್ಟೆ ಮಾತ್ರ ಹಳೆಯದೇ. ಎಲ್ಲಿಗೆ ಹೊರಟರೂ ಸ್ಟೌ, ರಾಗಿಹಿಟ್ಟು, ಮುದ್ದೆಕೋಲು ಪರಿವಾರ ಸಮೇತ ಹೊರಡುತ್ತವೆ. ಹೋಟೆಲಿನಲ್ಲಿ ಉಣ್ಣುವವರನ್ನು ಅತ್ತೆ ದಿಕ್ಕಿಲ್ಲದವರ ಲೆಕ್ಕಕ್ಕೆ ಹಾಕುತ್ತಾರೆ. ಹೀಗಾಗಿ ಲಾಡ್ಜು ಆರಿಸುವಾಗ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: ರೂಮಿನಲ್ಲಿ ಒಲೆ ಹಚ್ಚಲು ಬಿಡುತ್ತಾರಾ?

ಈ ಸಲ ಬಿಜಾಪುರ. ಲಾಡ್ಜು ಹುಡುಕುವ ರಾಜಕಾರ್ಯ ನನ್ನ ಪಾಲಿಗೆ ಬಂತು.

"ರೀ, ಕಿಟಕಿ ಇರ್ಬೇಕು, ಬಿಸಿನೀರಿರ್ಬೇಕು, ಪಕ್ಕದಲ್ಲಿ ಆಸ್ಪತ್ರೆ ಇರ್ಬೇಕು," ಎಂದೆ.

"ಬಿಜಾಪುರ ನೋಡೋಕೆ ಹೋಗ್ತಿರೋದಾ, ಅಡ್ಮಿಟ್ ಆಗೋಕಾ?" ಎಂದರು ನನ್ನ ಗಂಡ ಕೆಂಪರಾಜ್.

"ಮೈಸೂರು ಮರೆತ್ಬಿಟ್ರಾ?"

"ಮರೆಯೋಕೆ ನೀನು ಬಿಟ್ರೆ ತಾನೆ ಹಂಸ."

ನಮ್ಮ ಬೀದಿಯ ಹಬೀಬ್ ಅವರ ಎಸ್‌ಟಿಡಿ ಬೂತಿನಿಂದ ಏಳು ಲಾಡ್ಜುಗಳಿಗೆ ಫೋನು ಮಾಡಿದೆ. ಏಳೂ ಲಾಡ್ಜಿನವರು, "ಹಚ್ಕೋರಿ ಅಕ್ಕಾರ, ನಿಮ್ಮನಿ ಇದ್ದಂಗ," ಎಂದು ಪ್ರೀತಿಯಿಂದ ಹೇಳಿದರು. ಏಳನ್ನೂ ಪಟ್ಟಿಯಿಂದ ಹೊಡೆದುಹಾಕಿದೆ.

"ಯಾಕಮ್ಮ, ಆಗಲ್ಲ ಅಂದ್ರಾ?" ಹಬೀಬ್ ಕೇಳಿದರು.

"ಆಗತ್ತೆ ಅಂದ್ರು."

"ಮತ್ತೆ ಮುಖ ಯಾಕೆ ಹಿಂಗೆ?"

ಎಂಟನೆಯ ಲಾಡ್ಜಿನ ಮ್ಯಾನೇಜರ್ ಭಗವಂತರಾಯ ಎಂಬ ಪುಣ್ಯಾತ್ಮರು, "ಒಲಿ ಗಿಲಿ ನಡಿಯಂಗಿಲ್ರಿ ಇಲ್ಲಿ," ಎಂದು ಗದರಿದರು. ನನಗೆ ಬೂತಿನೊಳಗೇ ತಂಗಾಳಿ ಬೀಸಿದಂತಾಯಿತು. ಬುಕ್ ಮಾಡಿ, ಮನೆಯ ಫೋನ್ ನಂಬರೂ ಕೊಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನನ್ನ ಬುದ್ಧಿ ಮುಂದೆ ಓಡಿತು. "ಸಾರ್, ನಮ್ಮವರು ಕದ್ದು ಸ್ಟೌ ತರ್ತಾರೆ. ಹಾಸಿಗೆ ಸುರುಳಿಯೊಳಗೆ ಇರತ್ತೆ. ಬಿಚ್ಚಿಸಿ ನೋಡಿ," ಎಂದುಬಿಟ್ಟೆ.

ಮನೆಯಲ್ಲಿ ಒಲೆಗೆ ಅನುಮತಿ ಇದೆ ಎಂದು ಹೇಳಿದೆ. ಅತ್ತೆ ಬತ್ತಿ ಬದಲಾಯಿಸತೊಡಗಿದರು.

ಎರಡು ದಿನದ ಮೇಲೆ ಮನೆಯ ಫೋನು ಬಡಿದುಕೊಂಡಿತು. ಎತ್ತಿದವರು ಅತ್ತೆ. ಫೋನಿನಲ್ಲಿ ಕೇಳಿದ್ದನ್ನೆಲ್ಲ ಗಟ್ಟಿಯಾಗಿ ತಿರುಗಿ ಹೇಳುವುದು ಅವರ ರೂಢಿ.

"ಬಿಜಾಪುರದ ಮ್ಯಾನೇಜರಾ... ಊಂ... ಸ್ಟೌ ತರ್ಬೇಡಿ ಅಂತೀರಾ... ಆಸ್ಗೆ ಬಿಚ್ಚಿ ನೋಡ್ತೀರಾ... ನಿಮ್ಗ್ಯಾರಪ್ಪ ಏಳಿದ್ದು... ನಮ್ಮನೆ ಎಣ್ಮಗಳೇನಾ..."

ರಿಸೀವರನ್ನು ಮೆಲ್ಲಗೆ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ನಾವೇನು ಕಳ್ರಾ, ಅಂಸ?"

"ಮಗುಗೆ ಹೊಗೆ ಆಗಲ್ಲ ಅತ್ತೆ. ಮೈಸೂರಲ್ಲಿ..."

"ನನ್ಗೆ ಏಳಿದ್ರೆ ಬಿಡ್ತಿರ್ಲಿಲ್ವಾ? ಮೊಮ್ಮಗಳಿಗಿಂತ ನನ್ಗೆ ಮುದ್ದೆ ಎಚ್ಚಾ?"

ನಿಜ ಹೇಳಬೇಕೆಂದರೆ, ಅವರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬಿಜಾಪುರದ ಲಾಡ್ಜುಗಳನ್ನೆಲ್ಲ ಕೇಳಿದ್ದೆ.

ಸಂಜೆ ನ್ಯಾಯಪೀಠ ಕೂತಿತು. ಅತ್ತೆ ತೀರ್ಪು ಕೊಟ್ಟರು: "ಸ್ಟೌ ಬ್ಯಾಡ. ಇವ್ಳೂ ಬ್ಯಾಡ. ಒಗೆ ಎಬ್ಸೋ ಎರ್ಡನ್ನೂ ಇಲ್ಲೇ ಬಿಟ್ಟು ಓಗಾನ. ಮಗು ಬರ್ಲಿ."

ನಾನು ಗಂಡನ ಮುಖ ನೋಡಿದೆ. ಅವರು ಕ್ಯಾಲೆಂಡರ್ ನೋಡಿದರು.

"ಮೂರು ದಿನ ತಾನೆ ಹಂಸ. ಇನ್ಹೇಲರ್ ಪಫ್ ಕೊಡೋದು ನನ್ಗೂ ಬರತ್ತೆ. ನೀನೂ ರೆಸ್ಟ್ ತಗೋ."

"ಪ್ರಿಯಾ ನನ್ನ ಬಿಟ್ಟು ಇರಲ್ಲ," ಎಂದು ಕೊನೆಯ ಅಸ್ತ್ರ ಬಿಟ್ಟೆ.

ಪ್ರಿಯಾ ಅಜ್ಜಿಯ ತೊಡೆಯ ಮೇಲಿಂದ ಸಾಕ್ಷಿ ನುಡಿದಳು: "ಇರ್ತೀನಿ. ಅಮ್ಮ ಬಂದ್ರೆ ಬಿಸ್ಲಲ್ಲೂ ಸ್ವೆಟರ್ ಹಾಕ್ಸ್ತಾಳೆ."

ಹನ್ನೊಂದು ಜನರನ್ನು ಹೊತ್ತ ಟೆಂಪೋ ಬೆಳಗಿನ ಜಾವ ಹೊರಟಿತು. ನಾಲ್ಕು ಪುಟದ ಸೂಚನಾಪತ್ರವನ್ನು ಗಂಡನ ಜೇಬಿಗೆ ತುರುಕಿದೆ. ಮಗಳು ಕೈ ಬೀಸಿದಳು. ನನಗೋ ಡ್ರೈವರಿಗೋ ತಿಳಿಯಲಿಲ್ಲ.

ಇಡೀ ದಿನ ಫೋನು ಮಾಡಬಾರದೆಂದು ಶಪಥ ಮಾಡಿಕೊಂಡು ಕೂತೆ. ತುಮಕೂರು ದಾಟಿರಬಹುದು, ಧೂಳು. ಚಿತ್ರದುರ್ಗ, ಗಾಳಿ. ಊರೂರಿಗೆ ಒಂದೊಂದು ಕಾಯಿಲೆ ಹಂಚುತ್ತಾ ಬಿಜಾಪುರದವರೆಗೆ ಬಂದೆ. ಅಷ್ಟರಲ್ಲಿ ಸಂಜೆ ಏಳೂವರೆ. ಮನೆಯ ಫೋನಿನಲ್ಲಿ ಎಸ್‌ಟಿಡಿ ಇರಲಿಲ್ಲ. ಚಪ್ಪಲಿ ಮೆಟ್ಟಿ ಬೂತಿಗೆ ಓಡಿದೆ. ಹಬೀಬ್ ಏನೂ ಕೇಳದೆ ಬಾಗಿಲು ತೆರೆದುಕೊಟ್ಟರು.

"ಯಾರ್ರಿ? ಓ, ಸ್ಟೌ ಅಕ್ಕಾರ," ಎಂದರು ಭಗವಂತರಾಯರು. "ಎಲ್ಲಾರ ಹಾಸಗಿ ಬಿಚ್ಚಿ ನೋಡೀನ್ರಿ. ಏನೂ ಸಿಗಲಿಲ್ಲ."

"ಮಗು ಕೆಮ್ತಿದೆಯಾ ಸಾರ್?"

"ಇಲ್ಲೇ ನನ್ನ ಟೇಬಲ್ ಮ್ಯಾಲೆ ಕುಂತಾಳ. ಮಿರ್ಚಿ ಭಜಿ ತಿನ್ನಾಕತ್ತಾಳ. ತಡೀರಿ, ಕೊಡ್ತೀನಿ."

ಫೋನು ಕೈ ಬದಲಾಯಿಸಿತು. ಮಗಳ ಬಾಯಿ ತುಂಬಿತ್ತು.

"ಪ್ರಿಯಾ, ಮಾತಾಡ್ಬೇಡ. ಜೋರಾಗಿ ಒಂದ್ಸಲ ಉಸಿರು ಬಿಡು."

ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಆಗ ಕೇಳಿಸಿತು. ಸುಂಯ್, ಸುಂಯ್. ಅದೇ ಸದ್ದು, ಮೈಸೂರಿನದು.

"ಅಪ್ಪನ್ನ ಕರಿ ಕಂದ. ಬೇಗ. ಎಷ್ಟು ಹೊತ್ತಾಯ್ತು ಸುಂಯ್ ಅಂತ ಶುರುವಾಗಿ?"

"ನಾನಿನ್ನೂ ಉಸಿರು ಬಿಟ್ಟೇ ಇಲ್ವಲ್ಲಮ್ಮ," ಎಂದಳು ಮಗಳು. "ಅದು ನಿಂದು."